ಪೈರಿನ ಮೇಲೆ ಹಲುಬೆ

ಶಿವನಂಜಪ್ಪ ಕೇಳಿದ: "ಬುದ್ಧಿ, ಗಡ್ಡೆ ತೆಗೆದು ಬಿಸಾಕಿದ ಮೇಲೂ ಮೈಗೆ ವಿಷ ಏಕೆ ಹಾಕಬೇಕು?"

ಗುರುಗಳು ಮಠದ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ತಲೆ ಎತ್ತದೆ, "ಯಾರ ಮೈಗೆ?" ಎಂದರು.

"ನಮ್ಮಕ್ಕ ಚನ್ನಾಜಮ್ಮನ ಮೈಗೆ. ಅವ್ವ ಸತ್ತ ಮೇಲೆ ನನ್ನನ್ನು ಸಾಕಿದವಳು ಅವಳೇ. ಎದೆಯಲ್ಲಿ ಕ್ಯಾನ್ಸರ್ ಗಡ್ಡೆ ಆಗಿತ್ತು. ಆಪರೇಷನ್ ಮಾಡಿ ತೆಗೆದರು. ಈಗ ಏನೂ ಕಾಣ್ತಿಲ್ಲ ಅಂತ ಡಾಕ್ಟರೇ ಅಂದರು. ಅಂದ ಬಾಯಲ್ಲೇ ಆರು ಸಲ ಕಿಮೊ ಕೊಡಬೇಕು ಅಂದರು. ಮೂರು ಸಲಕ್ಕೇ ತಲೆ ಬೋಳಾಯಿತು. ಗಂಜಿಯೂ ಗಂಟಲಲ್ಲಿ ಇಳಿಯಲ್ಲ. ಸೋಮವಾರ ನಾಲ್ಕನೆಯದು. ಕೊಡಿಸಲೇಬೇಕು ಅಂತಾರೆ ಭಾವ. ಬೇಡವೇ ಬೇಡ ಅಂತೀನಿ ನಾನು. ಊರಿನವರು ತಲೆಗೊಂದು ಮಾತು. ಕೊಡಿಸಿದರೂ ನಾನೇ ಕೊಂದ ಹಾಗೆ, ಬಿಡಿಸಿದರೂ ನಾನೇ ಕೊಂದ ಹಾಗೆ ಅನ್ನಿಸಿಬಿಟ್ಟಿದೆ ಬುದ್ಧಿ. ನೀವು ಒಂದು ಮಾತು ಹೇಳಿ, ಹಾಗೇ ಮಾಡುತ್ತೇನೆ."

"ಓಹೋ, ನಿನ್ನ ಹೊರೆಯನ್ನು ನನ್ನ ತಲೆಗೆ ಹೊರಿಸೋಕೆ ಬಂದೆಯಾ? ಜಾಣ! ಔಷಧದ ವಿಚಾರ ಡಾಕ್ಟರಿಗೆ ಗೊತ್ತು. ನನಗೆ ಗೊತ್ತಿರುವುದು ಬೇಸಾಯದ ಒಂದು ಕತೆ. ಕೂತ್ಕೊಂಡು ಕೇಳು," ಎಂದು ಗುರುಗಳು ಹೇಳತೊಡಗಿದರು.

ಒಬ್ಬ ಬಳೆಗಾರನಿದ್ದ. ಊರೂರು ಸುತ್ತಿ ಹೆಣ್ಣುಮಕ್ಕಳಿಗೆ ಬಳೆ ತೊಡಿಸುತ್ತಿದ್ದ. ಮಾವನಿಗೆ ಗಂಡುಮಕ್ಕಳಿರಲಿಲ್ಲ. ಹೀಗಾಗಿ ಮನೆಯಳಿಯನಾಗಿ ಬಂದು ಎರಡು ಎಕರೆ ಹೊಲಕ್ಕೆ ಇಳಿದ. ಬೇಸಾಯದ ಗಂಧ ಗಾಳಿ ಗೊತ್ತಿಲ್ಲ. ಆದರೂ ಅವರಿವರನ್ನು ಕೇಳಿಕೊಂಡು ರಾಗಿ ಬಿತ್ತಿದ. ಪುಣ್ಯಕ್ಕೆ ಚೆನ್ನಾಗಿ ಹುಟ್ಟಿತು. ಹಸುಗೂಸಿನ ತೊಟ್ಟಿಲು ಬಗ್ಗಿ ನೋಡುವ ಹಾಗೆ ದಿನಕ್ಕೆರಡು ಸಲ ಹೋಗಿ ನೋಡುತ್ತಿದ್ದ.

ಹೊಲದ ಮೂಲೆಯಲ್ಲಿ ಕಾಡುರಾಗಿ ಬುಡ ಕಟ್ಟಿತ್ತು. ಈ ಕಾಡುರಾಗಿ ಇದೆಯಲ್ಲ, ಇದು ರಾಗಿಯ ಕುಲದ್ದೇ ಒಂದು ಕಳೆ. ಬುಡ ದಪ್ಪವಾದರೆ ಗುರುತು ಸಿಗುತ್ತದೆ. ಎಳೆಯದಾಗಿದ್ದರೆ ಅರವತ್ತು ವರ್ಷ ಬೇಸಾಯ ಮಾಡಿದವನೂ ಇದು ರಾಗಿಯೇ ಎಂದು ಆಣೆ ಇಡುತ್ತಾನೆ. ಅಂಥದ್ದರ ಗುಟ್ಟು ತೆನೆ ಬಂದಾಗಲೇ ರಟ್ಟಾಗುವುದು. ಬಳೆಗಾರ ಗುದ್ದಲಿ ತಂದು ಆ ಬುಡವನ್ನು ಬೇರು ಸಮೇತ ಅಗೆದು ಬದುವಿನಾಚೆ ಎಸೆದ. ಹೊಲ ಕನ್ನಡಿಯಂತಾಯಿತು ಎಂದು ಹೆಂಡತಿಯ ಮುಂದೆ ಕೊಚ್ಚಿಕೊಂಡ.

ಮಾರನೆಯ ದಿನ ಪಕ್ಕದ ಹೊಲದ ಮುದುಕ ಬಂದು ನೋಡಿ, "ಇನ್ನು ಹಲುಬೆ ಹೊಡಿ" ಎಂದ.

ಹಲುಬೆ ನಿನಗೆ ಗೊತ್ತು. ಉದ್ದನೆಯ ಮರಕ್ಕೆ ಸಾಲಾಗಿ ಹಲ್ಲು ಕೂರಿಸಿರುತ್ತಾರೆ. ಎತ್ತು ಕಟ್ಟಿ ಗೇಣುದ್ದದ ಪೈರಿನ ಮೇಲೆಯೇ ಎಳೆಯುತ್ತಾರೆ. ನಮಗೆ ಕಂಡು ಅಭ್ಯಾಸ. ಬಳೆಗಾರ ಕಂಡವನಲ್ಲ.

"ಅಯ್ಯಯ್ಯೋ, ಪೈರಿನ ಮೇಲೆಯೇ? ಕಳೆ ಕಿತ್ತಾಯಿತಲ್ಲ ಅಜ್ಜ!" ಎಂದ.

"ಕಣ್ಣಿಗೆ ಕಂಡದ್ದನ್ನು ಕಿತ್ತೆ. ಮಣ್ಣಿನಲ್ಲಿ ಉದುರಿರುವ ಬೀಜಕ್ಕೆ ಏನು ಮಾಡುತ್ತೀಯ?"

"ಮಣ್ಣಿನಲ್ಲಿ ಇದೆಯೇ?"

"ಇರಬಹುದು. ಇಲ್ಲದೆಯೂ ಇರಬಹುದು. ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಅದಕ್ಕೇ ಹೊಡಿ ಅಂದದ್ದು."

ಬಳೆಗಾರನಿಗೆ ತಲೆಬುಡ ತಿಳಿಯಲಿಲ್ಲ. ಆದರೂ ಹಿರಿಯನ ಮಾತು ಎಂದು ಒಳ್ಳೆಯ ಬಿಸಿಲಿನ ದಿನ ನೋಡಿ ಹೊಡೆದ. ತಿರುಗಿ ನೋಡಿದರೆ ಪೈರೆಲ್ಲ ಮಕಾಡೆ ಮಲಗಿತ್ತು. ರಾಗಿ ಯಾವುದು, ಕಳೆ ಯಾವುದು ಎಂದು ಹಲುಬೆಯ ಹಲ್ಲಿಗೆ ಗೊತ್ತೇನು? ಸಿಕ್ಕಿದ್ದನ್ನೆಲ್ಲ ಗೀರಿತು. ಆಗತಾನೇ ಮೊಳೆತ ಕಳೆ ಬೇರು ಮೇಲಾಗಿ ಬಿಸಿಲಿಗೆ ಒಣಗಿತು. ರಾಗಿಯ ಬೇರು ಅಷ್ಟರಲ್ಲಿ ಕೆಳಗೆ ಇಳಿದಿರುತ್ತದೆ, ಹಾಗಾಗಿ ತಡೆದುಕೊಳ್ಳುತ್ತದೆ. ಎಲ್ಲವೂ ತಡೆದುಕೊಳ್ಳುತ್ತದೆ ಎಂದು ನಾನು ಹೇಳಲಾರೆ. ಬಳೆಗಾರ ಬದುವಿನ ಮೇಲೆ ಕೂತು ಗೊಳೋ ಎಂದು ಅತ್ತ. ಪಾಪ, ಕೈ ನೋಯದ ಹಾಗೆ ಬಳೆ ಏರಿಸಿ ಬದುಕಿದವನು.

ಎಂಟು ದಿನಕ್ಕೆ ಪೈರು ಎದ್ದು ನಿಂತಿತು. ಅವನ ಮುಖದಲ್ಲಿ ನಗು ಕಾಣುವಷ್ಟರಲ್ಲಿ ಮುದುಕ ಮತ್ತೆ ಬಂದ. "ಇನ್ನೊಂದು ಸಲ ಹೊಡಿ, ಈ ಸಲ ಅಡ್ಡಕ್ಕೆ" ಎಂದ. ಮಣ್ಣಿನಲ್ಲಿರುವ ಬೀಜವೆಲ್ಲ ಒಂದೇ ದಿನ ಮೊಳೆಯುವುದಿಲ್ಲವಲ್ಲ, ಅದಕ್ಕೆ. ನಡುವೆ ಬಿಡುವು ಕೊಡದಿದ್ದರೆ ಪೈರೇ ಸಾಯುತ್ತದೆ. ಬಿಡುವು ಅತಿಯಾದರೆ ಕಳೆಯೂ ಬೇರು ಇಳಿಸಿಕೊಂಡು ಕೂತುಬಿಡುತ್ತದೆ. ಬಳೆಗಾರ ಎರಡನೆಯ ಸಲವೂ ಹೊಡೆದ. ಈ ಸಲ ಹತ್ತಕ್ಕೆ ಒಂದು ಬುಡ ಏಳಲೇ ಇಲ್ಲ.

ಮೂರನೆಯ ಸಲ ಎತ್ತು ಕಟ್ಟಿದ. ಅರ್ಧ ಹೊಲ ಹೊಡೆದು ನಿಂತುಬಿಟ್ಟ. ಹಿಂದೆ ನೆಲ ಕಚ್ಚಿದ ಪೈರು. ಮುಂದೆ ಈಗಷ್ಟೇ ಚೇತರಿಸಿಕೊಂಡ ಪೈರು. ತಾನು ಕಳೆ ಕೊಲ್ಲುತ್ತಿದ್ದೇನೋ, ಅನ್ನ ಕೊಲ್ಲುತ್ತಿದ್ದೇನೋ ಅವನಿಗೆ ತಿಳಿಯಲಿಲ್ಲ. ಎತ್ತು ಬಿಚ್ಚಿಕೊಂಡು ಮನೆಗೆ ಹೋದ.

ಗುರುಗಳು ಇಷ್ಟು ಹೇಳಿ ಮತ್ತೊಂದು ಹಿಡಿ ಅವರೆಕಾಯಿ ಎತ್ತಿಕೊಂಡರು.

"ಆಮೇಲೆ ಏನಾಯಿತು ಬುದ್ಧಿ?"

"ಆಮೇಲೇನು, ತೆನೆ ಬಂತು. ಮೂರನೆಯ ಸಲ ಹೊಡೆಯದೆ ಬಿಟ್ಟಿದ್ದ ಅರ್ಧದಲ್ಲಿ ಕಾಡುರಾಗಿ ಸಾಕಷ್ಟು ಎದ್ದಿತ್ತು. ಹೊಡೆದ ಅರ್ಧದಲ್ಲಿ ಕಡಿಮೆ. ಇರಲೇ ಇಲ್ಲ ಅಂತಲ್ಲ, ಅಲ್ಲೊಂದು ಇಲ್ಲೊಂದು ಇತ್ತು. ಅಲ್ಲಿ ಪೈರೂ ಸ್ವಲ್ಪ ತೆಳ್ಳಗಿತ್ತು."

"ಹಾಗಾದರೆ ಅವನು ಹೊಡೆದದ್ದು ಸರಿಯೋ, ಬಿಟ್ಟದ್ದು ಸರಿಯೋ?"

"ಮೂರನೆಯದನ್ನೂ ಪೂರ್ತಿ ಹೊಡೆಯಬೇಕಿತ್ತು ಅಂದ ಮುದುಕ. ಕೇಳಿದರೆ ನಾನೂ ಅದನ್ನೇ ಅನ್ನುತ್ತೇನೆ. ಆದರೆ ಆ ಬಿಸಿಲಿನಲ್ಲಿ ಹಗ್ಗ ಹಿಡಿದು ನಿಂತವನು ನಾನಲ್ಲವಲ್ಲ."

ಶಿವನಂಜಪ್ಪನಿಗೆ ಅಳುವೂ ಬಂತು, ಸಿಟ್ಟೂ ಬಂತು. "ಹೀಗೆ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಹೇಳಿದರೆ ನಾನೇನು ಮಾಡಲಿ ಬುದ್ಧಿ? ಬರುವಾಗ ಒಂದು ಗೊಂದಲ ಇತ್ತು, ಈಗ ಎರಡಾಯಿತು. ಮೂರು ದಿನದಿಂದ ನಾನೂ ಭಾವನೂ ಹೊರಗಿನ ಜಗಲಿಯಲ್ಲಿ ಕೂತು ಇದೇ ಕಿತ್ತಾಟ. ಅಕ್ಕ ಒಳಗೆ ಗೋಡೆ ಕಡೆ ತಿರುಗಿ ಮಲಗಿರುತ್ತಾಳೆ. ನನ್ನ ತಲೆ ಗಿರ್ರ್ ಅಂತಿದೆ. ಸೋಮವಾರ ಕರೆದುಕೊಂಡು ಹೋಗಲೋ, ಬೇಡವೋ? ಬಿಡಿಸಿ ಹೇಳಿ."

ಗುರುಗಳು ಈಗ ತಲೆ ಎತ್ತಿ ಅವನ ಮುಖವನ್ನೇ ನೋಡಿದರು.

"ಪೈರಿಗೆ ಮಾತು ಬಾರದು ಕಣಯ್ಯ, ಅದಕ್ಕೇ ಬಳೆಗಾರ ಅದನ್ನು ಕೇಳಲಿಲ್ಲ. ನಿನ್ನಕ್ಕನಿಗೆ ಏನು ಬೇಕು ಅಂತ ನೀವಿಬ್ಬರು ಒಂದು ಸಲವಾದರೂ ಒಳಗೆ ಹೋಗಿ ಕೇಳಿದಿರಾ?"