ಮೂರು ಗಂಟೆ ಕೂತ್ರೆ ಗುವಾಹಟಿ

ಯಾವ ಊರಿನ ಹೆಸರು ಕಿವಿಗೆ ಬಿದ್ದರೂ ಪಿಳ್ಳಪ್ಪ ಹಣೆಗೆ ಕೈ ಅಡ್ಡ ಇಟ್ಟು, ತುದಿಗಾಲಲ್ಲಿ ನಿಂತು ನೋಡುತ್ತಿದ್ದ. ಮೈಸೂರು ಅಂದರೂ ಅಷ್ಟೆ, ಮುಂಬಯಿ ಅಂದರೂ ಅಷ್ಟೆ. "ಕಾಣಾಕಿಲ್ಲ ಕಣವ್ವಾ!" ಅನ್ನೋನು. ಅವರವ್ವ ಮುನಿತಾಯಮ್ಮ ಹಣೆ ಹಣೆ ಚಚ್ಚಿಕೊಳ್ಳೋಳು.

ದೇವನಹಳ್ಳಿ ಪಕ್ಕದ ಊರು. ದಿನಾ ತಲೆ ಮೇಲೆ ವಿಮಾನ, ಹತ್ತಿದವರು ಮಾತ್ರ ಮನೇಲಿ ಯಾರೂ ಇಲ್ಲ. ಮಗಳು ವೆಂಕಟಲಕ್ಷ್ಮಿ ಮಿಲಿಟರಿ ಗಂಡನ ಜೊತೆ ಗುವಾಹಟಿಯಲ್ಲಿ ಇದ್ದಳು, ಅಲ್ಲೇ ಹೆತ್ತಳು. ಹಸಿ ಬಾಣಂತಿ, ನೋಡಿಕೊಳ್ಳೋರಿಲ್ಲ. ಅವ್ವ ಹೋಗೋಣ ಅಂದರೆ ಕಾಲು ಮುರಿದು ಹಿಟ್ಟಿನ ಕಟ್ಟು. ಮೆಂತ್ಯದುಂಡೆ ಕಟ್ಟಿ ಡಬ್ಬಿಗೆ ತುಂಬಿದಳು.

"ಪಿಳ್ಳಾ, ಇದು ನಿಮ್ಮಕ್ಕನ ಹೊಟ್ಟೆಗೆ ಬೀಳ್ಲೇಬೇಕು ಕಣ್ಲಾ. ನಿಮ್ಮ ಭಾವ ಟಿಕೆಟ್ ಕಳ್ಸವ್ನೆ, ಏರ್‌ಪೋರ್ಟಿಗೆ ಹೋಗು. ಮೂರು ಗಂಟೆ ಕೂತ್ರೆ ಗುವಾಹಟಿ ಬತ್ತದೆ!"

ಹೋದ. ಏರ್‌ಪೋರ್ಟಿನ ಮುಂದೆ ಬೆಂಚು. ಕೂತ. ಮೂರು ಗಂಟೆ ಕೂತ. ಎದ್ದು ಹಣೆಗೆ ಕೈ ಇಟ್ಟು ನೋಡಿದ. ಮನೆಗೆ ಬಂದ.

"ಕೂತೆ ಕಣವ್ವಾ. ಗುವಾಹಟಿ ಬರ್ಲೇ ಇಲ್ಲ!"

"ಅಯ್ಯೋ ಪೆದ್ದೇ! ಪೆಟ್ಟಿಗೆ ಎಳ್ಕೊಂಡು ಹೋಗೋರು ಇರ್ತಾರೆ, ಅವರ ಹಿಂದೆ ಹೋಗು!"

ಅಳಿಯ ಇನ್ನೊಂದು ಟಿಕೆಟ್ ಕಳಿಸಿದ. ಪಿಳ್ಳಪ್ಪ ಹೋದ. ಕನ್ನಡಕದ ಯಜಮಾನರೊಬ್ಬರು ಪೆಟ್ಟಿಗೆ ಎಳೆದುಕೊಂಡು ಹೊರಗೆ ಬಂದರು. ಇವನು ಹಿಂದೆ ಹೊರಟ. ಅವರು ಬಸ್ ಹತ್ತಿದರು, ಹತ್ತಿದ. ಯಲಹಂಕದಲ್ಲಿ ಇಳಿದರು, ಇಳಿದ. ಅವರು ಮನೆಗೆ ಹೋಗಿ ಕೈ ತೊಳೆದು ಊಟಕ್ಕೆ ಕೂತರು, ಇವನೂ ಕೈ ತೊಳೆದು ಪಕ್ಕದಲ್ಲಿ ಕೂತ.

"ಯಾರಪ್ಪಾ ನೀನು?"

"ನಮ್ಮಕ್ಕ ಎಲ್ಲವಳೆ ಸಾ?"

ಮನೆಗೆ ಬಂದವನೇ ಅಂದ, "ಗುವಾಹಟೀಲಿ ಸಾರು ಚೆನ್ನಾಗಿ ಮಾಡ್ತಾರೆ ಕಣವ್ವಾ."

"ನಿನ್ನ ಸಾರಿಗೆ ಬೆಂಕಿ ಬೀಳ! ವಿಮಾನದೊಳಗೇ ಕೂತ್ಕೊಳ್ಲಾ! ಅಕ್ಕನ ಮುಖ ಕಾಣೋಗಂಟ ಮೇಲೇಳ್ಬೇಡ. ಕಂಡೇಟ್ಗೆ ಮೊದ್ಲು ಉಂಡೆ ಬಾಯಿಗಿಡು. ಕಹಿ ಅಂತ ಬಾಯಿ ಮುಚ್ಕೋತಾಳೆ, ಬಿಡ್ಬೇಡ!"

ಅಳಿಯ ಮತ್ತೆ ಟಿಕೆಟ್ ಕಳಿಸಿದ. ಈ ಸಲ ಪಕ್ಕದ ಮನೆಯವರು ಏರ್‌ಪೋರ್ಟಿನವರೆಗೆ ಬಂದು, ಗುವಾಹಟಿಗೆ ಹೊರಟವರ ಕೈಗೇ ಇವನನ್ನು ಒಪ್ಪಿಸಿದರು. ಪಿಳ್ಳಪ್ಪ ಡಬ್ಬಿ ತಬ್ಬಿಕೊಂಡು ಕೂತ. ವಿಮಾನ ಹಾರಿತು, ಇಳಿಯಿತು. ಎಲ್ಲರೂ ಎದ್ದರು. ಇವನು ಏಳಲಿಲ್ಲ.

"ಗುವಾಹಟಿ ಬಂತು, ಇಳೀರಿ ಅಣ್ಣಾ," ಅಂದಳು ಗಗನಸಖಿ. ತುಮಕೂರಿನ ಹುಡುಗಿ.

ಕಿಟಕಿಗೆ ಮುಖ ಒತ್ತಿ, ಹಣೆಗೆ ಕೈ ಇಟ್ಟು ನೋಡಿದ. "ಅಕ್ಕ ಕಾಣಾಕಿಲ್ಲ. ಏಳಾಕಿಲ್ಲ."

ಕಸ ಗುಡಿಸೋರು ಬಂದರು. ಪೈಲಟ್ಟೂ ಬಂದು ಕೈ ಮುಗಿದರು. ಊಹ್ಞೂಂ! ಕೊನೆಗೆ ಆ ಹುಡುಗಿಯೇ ಅಕ್ಕನ ನಂಬರು ಕೇಳಿ ವಿಡಿಯೋ ಕಾಲ್ ಮಾಡಿದಳು. ಫೋನಿನಲ್ಲಿ ವೆಂಕಟಲಕ್ಷ್ಮಿ, ತೋಳಲ್ಲಿ ಕೂಸು!

"ಪಿಳ್ಳಾ! ಬಂದ್ಯೇನೋ ಕೊನೆಗೂ!"

ಪಿಳ್ಳಪ್ಪ ಚಂಗನೆ ಎದ್ದ. ಡಬ್ಬಿ ತೆಗೆದ, ದಪ್ಪನೆಯ ಉಂಡೆಯೊಂದನ್ನು ಆರಿಸಿ ಫೋನಿನ ಗಾಜಿಗೆ ಒತ್ತಿದ. ತುಪ್ಪ ಮೆತ್ತಿಕೊಂಡಿತು, ಬೆಲ್ಲ ಮೆತ್ತಿಕೊಂಡಿತು. ಅಕ್ಕನ ಮುಖ ಮುಚ್ಚಿಹೋಯಿತು, ನಗು ಮಾತ್ರ ಕೇಳುತ್ತಿತ್ತು. ಪಿಳ್ಳಪ್ಪ ಇನ್ನಷ್ಟು ಒತ್ತಿದ.

"ಕಹಿ ಇಲ್ಲ ಕಣಕ್ಕಾ... ಬಾಯಿ ತೆಗಿ!"