ಒಂದೇ ಗುಂಡಿಯ ಆರು ಸಸಿಗಳು

ಮಕ್ಕಳೇ, ಅದು ಒಂದು ಮಂಗಳವಾರ. ಕಾಡಿನ ಕೆರೆಯಂಚಿನಲ್ಲಿದ್ದ ಪ್ರಾಣಿಗಳ ಶಾಲೆಯಲ್ಲಿ ಏಳರ ಮಗ್ಗಿ ನಡೆಯುತ್ತಿತ್ತು. ಗಾಳಿ ಇರಲಿಲ್ಲ, ಮಳೆಯೂ ಇರಲಿಲ್ಲ. ಶಾಲೆಗೆ ನೆರಳಾಗಿದ್ದ ಮುದಿ ಹೊಂಗೆಮರ ಬುಡದಲ್ಲಿ ಲಟಕ್ಕನೆ ಮುರಿದು, ಕೆರೆಯ ಕಡೆಗೆ ಒರಗಿ ಬಿತ್ತು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ನೆರಳಿದ್ದ ಜಾಗದಲ್ಲೆಲ್ಲ ಬಿಸಿಲು ಬಂದು ಕುಳಿತಿತು.

ಆಮೆ ಟೀಚರು ಆ ದಿನ ಮಗ್ಗಿ ಮುಂದುವರಿಸಲಿಲ್ಲ.

ಕಾಡಿನ ಶಾಲೆಗಳನ್ನು ನೋಡಿಕೊಳ್ಳುತ್ತಿದ್ದ ಆನೆ ಇನ್ಸ್‌ಪೆಕ್ಟರಮ್ಮ ಮಾರನೆಯ ದಿನವೇ ಬಂದರು.

"ನೆರಳಿಲ್ಲದ ಕಡೆ ಮಕ್ಕಳನ್ನು ಕೂರಿಸುವಂತಿಲ್ಲ. ಮೂರು ತಿಂಗಳು ಬಿಟ್ಟು ಬರುತ್ತೇನೆ. ಅಷ್ಟರಲ್ಲಿ ಇಲ್ಲೊಂದು ಗಿಡ ಬದುಕುವ ಲಕ್ಷಣ ಕಾಣದಿದ್ದರೆ, ಎಲ್ಲರೂ ಗುಡ್ಡದಾಚೆಯ ಶಾಲೆಗೆ."

ಮುಂದಿನ ಸಾಲಿನಲ್ಲಿದ್ದ ಬಸವನಹುಳು ಶಂಕಿ ಕೊಂಬು ಎತ್ತಿದಳು. "ಅಮ್ಮಾ, ಅಲ್ಲಿಗೆ ಹೋಗೋಕೆ ನನಗೆ ನಾಲ್ಕು ದಿನ, ಬರೋಕೆ ನಾಲ್ಕು ದಿನ. ವಾರಕ್ಕೆ ಇರೋದೇ ಏಳು."

"ಬಿಡೇ ಶಂಕಿ," ಎಂದ ಕೋತಿಮರಿ ದುಂಡ. "ನೀನು ಮುಟ್ಟೋ ಹೊತ್ತಿಗೆ ಬೇಸಿಗೆ ರಜೆ!"

ಎಲ್ಲರೂ ನಕ್ಕರು. ಶಂಕಿ ಚಿಪ್ಪಿನೊಳಗೆ ಹೋದಳು.

ನವಿಲು ಹೆಡ್‌ಮೇಷ್ಟ್ರು ಕತ್ತು ಕೊಂಕಿಸಿ ಹೇಳಿದರು: "ಹೆದರಬೇಡಿ. ಗಿಡ ನೆಡುವ ಹಬ್ಬ ಜೋರಾಗಿ ಮಾಡೋಣ. ವರ್ಷ ತಪ್ಪದೆ ನೆಟ್ಟವನು ನಾನು."

ಅದು ಸುಳ್ಳಲ್ಲ. ಪ್ರತಿವರ್ಷ ಹಬ್ಬದ ದಿನ ಅವರು ಒಂದು ಸಸಿ ನೆಡುತ್ತಿದ್ದರು. ಮೊದಲು ಭಾಷಣ, ಆಮೇಲೆ ಗರಿ ಬಿಚ್ಚಿ ಕುಣಿತ, ಕೊನೆಗೆ ಚಪ್ಪಾಳೆ. ಮಾರನೆಯ ದಿನದಿಂದ ಆ ಕಡೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಮುಂದಿನ ವರ್ಷ ಒಣಗಿದ ಕಡ್ಡಿಯನ್ನು ಅಲ್ಲೇ ಒತ್ತಿ, ಅದೇ ಗುಂಡಿಯಲ್ಲಿ ಇನ್ನೊಂದು ಸಸಿ.

"ಗುಂಡಿ ಹೇಗೂ ಇದೆಯಲ್ಲ, ಹೊಸದು ತೋಡೋದು ಯಾಕೆ?" ಎನ್ನುತ್ತಿದ್ದರು.

ಆಮೆ ಟೀಚರು ಬಿದ್ದ ಮರದ ಒಂದು ಕಾಯಿ ಬಿಡಿಸಿ, ಬೀಜವನ್ನು ಅಡುಗೆಮನೆಯ ಹಿಂದೆ ಹೂಳಿದರು.

"ಇವತ್ತಿನಿಂದ ಊಟ ಆದಮೇಲೆ ಎಲ್ಲರೂ ಇಲ್ಲೇ ಕೈ ತೊಳೀಬೇಕು."

"ಕೈ ಇಲ್ಲದವರು, ಟೀಚರ್?" ಎಂದಳು ಶಂಕಿ.

"ಬಾಯಿ ತೊಳಿ."

ಮೂವತ್ತೊಂದು ಮಕ್ಕಳು ದಿನವೂ ಅಲ್ಲೇ ತೊಳೆದರು. ಹದಿನೆಂಟನೆಯ ದಿನ ಮಣ್ಣು ಬಿರಿಯಿತು. ರಜೆಯ ದಿನಗಳಲ್ಲಿ ಟೀಚರು ಕೆರೆಯಿಂದ ಬಾಯಿ ತುಂಬ ನೀರು ತಂದು ಹಾಕುತ್ತಿದ್ದರು.

ಮೂರು ತಿಂಗಳಾಯಿತು. ಹಬ್ಬದ ದಿನ ಆನೆ ಇನ್ಸ್‌ಪೆಕ್ಟರಮ್ಮ ಬಂದರು. ಹೆಡ್‌ಮೇಷ್ಟ್ರು ಸಸಿಗೆ ಹೂವಿನ ಹಾರ ಹಾಕಿಸಿದ್ದರು. ಭಾಷಣ ಮುಗಿಯಿತು. ಗರಿ ಬಿಚ್ಚಿತು.

"ಗುಂಡಿ ಸಣ್ಣದಾಯಿತು, ಇರಿ," ಎಂದು ಇನ್ಸ್‌ಪೆಕ್ಟರಮ್ಮ ಸೊಂಡಿಲು ಹಾಕಿ ಮಣ್ಣು ತೆಗೆದರು. ಒಂದು ಒಣಗಿದ ಕಡ್ಡಿ ಬಂತು. ಮತ್ತೊಂದು ಬಂತು. ಹೀಗೆ ಆರು ಕಡ್ಡಿ. ಅವನ್ನು ಸಾಲಾಗಿ ನೆಲದ ಮೇಲೆ ಇಟ್ಟರು.

"ಇದೇನು?"

ದುಂಡನಿಗೆ ಬಾಯಿ ತಡೆಯಲಿಲ್ಲ. "ಅದು ಹೋದ ವರ್ಷದ್ದು ಅಮ್ಮಾ. ಅದು ಆಚೆ ವರ್ಷದ್ದು. ಆ ಮೋಟು ಇದೆಯಲ್ಲ, ಅದನ್ನ ನೆಟ್ಟಾಗ ನಮ್ಮಣ್ಣ ಒಂದನೇ ಕ್ಲಾಸು!"

"ಇವಕ್ಕೆ ನೀರು ಹಾಕಿದ್ದು ಯಾರು?"

ಹೆಡ್‌ಮೇಷ್ಟ್ರ ಗರಿಗಳು ಒಂದೊಂದಾಗಿ ಮಡಚಿಕೊಂಡವು.

"ಹಾಗಾದರೆ ಸೋಮವಾರದಿಂದ ಗುಡ್ಡದಾಚೆ," ಎಂದು ಇನ್ಸ್‌ಪೆಕ್ಟರಮ್ಮ ತಿರುಗಿ ಹೊರಟರು.

"ಅಮ್ಮಾ, ನಿಲ್ಲಿ!" ಶಂಕಿ ಕೂಗಿದಳು. "ಹಿಂದುಗಡೆ ಒಂದಿದೆ. ನಾನೇ ಕರಕೊಂಡು ಹೋಗ್ತೀನಿ."

"ನೀನಾ?" ಎಂದ ದುಂಡ. "ಅಮ್ಮನಿಗೆ ವಯಸ್ಸಾಗಿಬಿಡುತ್ತೆ. ಬಾ, ಎತ್ತಿಕೊಳ್ತೀನಿ."

ಶಂಕಿಯನ್ನು ಅಂಗೈಯಲ್ಲಿಟ್ಟುಕೊಂಡು ದುಂಡ ಓಡಿದ. ಅಡುಗೆಮನೆಯ ಹಿಂದೆ ಒದ್ದೆ ಮಣ್ಣಿನಲ್ಲಿ ಒಂದು ಹೊಂಗೆ ಸಸಿ ನಿಂತಿತ್ತು. ಇನ್ಸ್‌ಪೆಕ್ಟರಮ್ಮ ಸೊಂಡಿಲ ತುದಿಯಿಂದ ಎಲೆಗಳನ್ನು ಮೆಲ್ಲಗೆ ಮುಟ್ಟಿದರು. ಬುಡದ ತೇವವನ್ನೂ ಮುಟ್ಟಿದರು.

"ಇದಕ್ಕೆ ಹಬ್ಬ ಆಯಿತೇ?"

"ಇಲ್ಲ," ಎಂದರು ಆಮೆ ಟೀಚರು. "ದಿನಾ ಊಟ ಆಯಿತು."

ಇನ್ಸ್‌ಪೆಕ್ಟರಮ್ಮ ಮಕ್ಕಳ ಕಡೆ ತಿರುಗಿದರು. "ಇದು ದೊಡ್ಡದಾಗುವವರೆಗೆ ಸೋಗೆಯ ಚಪ್ಪರ ಹಾಕಿಕೊಳ್ಳಿ. ಬಿದಿರಿನ ಗಳು ನಾನು ತಂದುಕೊಡುತ್ತೇನೆ. ಶಾಲೆ ಇಲ್ಲೇ ಇರಲಿ."

ಹೆಡ್‌ಮೇಷ್ಟ್ರು ಸಸಿಯ ಹಾರ ಬಿಚ್ಚಿಟ್ಟು, ಹೊಸ ಜಾಗದಲ್ಲಿ ತಮ್ಮ ಕಾಲಿನಿಂದಲೇ ಗುಂಡಿ ಕೆದರತೊಡಗಿದರು. ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಕೆರೆಗೆ ಹೋದವರೂ ಅವರೇ.

ಮುಂದಿನ ಬೇಸಿಗೆಯಲ್ಲಿ, ಮಧ್ಯಾಹ್ನ ಹನ್ನೆರಡೂವರೆಗೆ, ಹೊಂಗೆ ಸಸಿಯ ನೆರಳು ಒಂದು ಬಸವನಹುಳು ಕೂರುವಷ್ಟು ಅಗಲವಿತ್ತು.

ನೀತಿ: ಗಿಡಕ್ಕೆ ದಿನವೂ ನೀರು ಹಾಕುವವರೇ ಅದನ್ನು ನಿಜವಾಗಿ ನೆಟ್ಟವರು.