ಮಾಳಿ ಕೆಸರಿಗೆ ಇಳಿದ ದಿನ

ಸೂರ್ಯ ಒಮ್ಮೊಮ್ಮೆ ದಾರಿ ತಪ್ಪಿ ತಡವಾಗಿ ಬರುತ್ತಿದ್ದ ಕಾಲವದು, ಪುಟ್ಟಿ. ಲೋಕ ಅಷ್ಟು ಹೊಸದು. ಆಗ ಎಲ್ಲ ಪ್ರಾಣಿಗಳಿಗೂ ಒಂದೇ ಕೊಳ. ನೀರು ತಿಳಿಯಾಗಿತ್ತು, ತಳದ ಕಲ್ಲೂ ಕಾಣುತ್ತಿತ್ತು.

ಅಲ್ಲಿ ಮಾಳಿ ಎಂಬ ಎಮ್ಮೆಕರು ಇದ್ದಳು. ಮೈ ಕಪ್ಪು, ಕಣ್ಣು ದೊಡ್ಡದು. ಜಿಂಕೆಮರಿ, ಮೊಲದ ಮರಿ, ಹಸುವಿನ ಕರು ಎಲ್ಲವೂ ಅವಳ ಜೊತೆ ಆಡುತ್ತಿದ್ದವು. ಮೊಲದ ಮರಿಯಂತೂ ಅವಳ ಬೆನ್ನ ಮೇಲೇ ನಿದ್ದೆ ಮಾಡುತ್ತಿತ್ತು.

ಆದರೆ ಮಾಳಿ ಹತ್ತಿರ ಬಂದರೆ ಅವುಗಳ ತಾಯಂದಿರು ಒಂದು ಹೆಜ್ಜೆ ಪಕ್ಕಕ್ಕೆ ಸರಿಯುತ್ತಿದ್ದರು. ಬಾಯಿಬಿಟ್ಟು ಏನೂ ಅನ್ನುತ್ತಿರಲಿಲ್ಲ. ಸುಮ್ಮನೆ ಸರಿಯುತ್ತಿದ್ದರು. ಮರಿಗಳು ಅದನ್ನು ನೋಡುತ್ತಿದ್ದವು.

ಒಂದು ಬೆಳಗ್ಗೆ ಕೊಳದ ನೀರೆಲ್ಲ ರಾಡಿಯಾಗಿತ್ತು.

“ಇದು ಮಾಳಿಯದೇ ಕೆಲಸ!” ಎಂದಿತು ಜಿಂಕೆಮರಿ.

“ಹೌದು, ಅವಳದೇ!” ಎಂದಿತು ಹಸುವಿನ ಕರು, ಅಲ್ಲಿಗೆ ಬಂದ ಮಾಳಿಯ ಕಡೆ ತಿರುಗಿ. “ಇನ್ನು ಮೇಲೆ ನೀನು ಕೊನೆಗೆ ಕುಡಿ.”

“ನಾನು ಈಗ ತಾನೆ ಬಂದೆ ಕಣ್ರೋ. ನನ್ನ ಕಾಲು ನೋಡಿ, ಒಣಗಿವೆ,” ಎಂದಳು ಮಾಳಿ.

ಯಾರೂ ನೋಡಲಿಲ್ಲ. ದಡದಲ್ಲಿ ಬೆಳ್ಳಕ್ಕಿ ನಿಂತಿತ್ತು, ಅದರ ಕಾಲಿಗೆಲ್ಲ ಕೆಸರು. ಅದನ್ನೂ ಯಾರೂ ನೋಡಲಿಲ್ಲ. ಮಾಳಿಯ ಬೆನ್ನೇರಿ ಬಂದಿದ್ದ ಮೊಲದ ಮರಿಗೆ ನಿಜ ಗೊತ್ತಿತ್ತು. ಅದೂ ಸದ್ದಿಲ್ಲದೆ ಕೆಳಗೆ ಹಾರಿ, ಉಳಿದವರ ಜೊತೆ ಹೋಗಿ ನಿಂತಿತು.

ಆ ದಿನ ಮಾಳಿ ಬಿಸಿಲಿಳಿಯುವ ತನಕ ಬಾಯಾರಿ ಕಾದಳು. ಮಾರನೆಯ ದಿನವೂ ಕಾದಳು. ಮೂರನೆಯ ದಿನ ಇದನ್ನು ನೋಡಿ ನೋಡಿ ಗಾಳಿಗೇ ತಡೆಯಲಾಗಲಿಲ್ಲ.

“ನಿನ್ನನ್ನು ಕಲಕಿದ್ದು ಯಾರು?” ಎಂದು ಗಾಳಿ ಕೊಳವನ್ನು ಕೇಳಿತು.

“ಬೆಳ್ಳಕ್ಕಿ. ಮೀನಿಗಾಗಿ ಕೆದಕಿತು,” ಎಂದಿತು ಕೊಳ. “ನನ್ನನ್ನು ಯಾರೂ ಕೇಳಲೇ ಇಲ್ಲವಲ್ಲ.”

“ಅಯ್ಯೋ, ನೀನಾ!” ಎಂದು ಮರಿಗಳು ನಕ್ಕವು. ಬೆಳ್ಳಕ್ಕಿಯೂ ನಕ್ಕಿತು. ಅಲ್ಲಿಗೆ ಮುಗಿಯಿತು.

“ಮತ್ತೆ ನನ್ನ ಹೆಸರು ಯಾಕೆ ಹೇಳಿದಿರಿ?” ಎಂದಳು ಮಾಳಿ.

“ನಿನ್ನನ್ನು ನೋಡಿದ ಕೂಡಲೇ ಹಾಗನ್ನಿಸಿತು,” ಎಂದಿತು ಜಿಂಕೆಮರಿ.

“ನನ್ನಲ್ಲಿ ಏನು ನೋಡಿದೆ?”

ಜಿಂಕೆಮರಿ ಯೋಚಿಸಿತು. ಯೋಚಿಸುತ್ತ ಯೋಚಿಸುತ್ತ, ತನಗೇ ಅರಿವಿಲ್ಲದೆ ಒಂದು ಹೆಜ್ಜೆ ಪಕ್ಕಕ್ಕೆ ಸರಿಯಿತು.

ಮಾಳಿ ಅದನ್ನು ಕಂಡಳು. ಕೊಳದಂಚಿನ ಕೆಸರಿಗಿಳಿದು ಕುತ್ತಿಗೆ ಮುಳುಗುವಷ್ಟು ಕೂತಳು. ಕೆಸರು ತಣ್ಣಗಿತ್ತು. ಮರಿಗಳು ಆಟಕ್ಕೆ ಕರೆದವು. ಅವಳು ಏಳಲಿಲ್ಲ.

ಅದಕ್ಕೇ ಪುಟ್ಟಿ, ಇವತ್ತಿಗೂ ಎಮ್ಮೆ ಕಣ್ಣು ಮೂಗು ಮಾತ್ರ ಹೊರಗಿಟ್ಟು ಕೆಸರಿನಲ್ಲಿ ಕೂತುಬಿಡುತ್ತದೆ. ದಡದಲ್ಲಿ ನಿಂತು ನೀನು ಎಷ್ಟು ಕೂಗಿದರೂ ತಿರುಗಿ ನೋಡುವುದಿಲ್ಲ.